ಮೆದುಳಿನ ಗಡ್ಡೆ, ಜೊತೆಗೆ ತಲೆಯಲ್ಲಿ ನೀರು: ಆರು ವರ್ಷದ ಮಗುವಿಗೆ ಮೊದಲು ಶಂಟ್ ಬೇಕೇ?

ಪ್ರಶ್ನೆ (ಬದಿಯಡ್ಕ)

ಅಕ್ಕನ ಮಗನಿಗೆ ಆರು ವರ್ಷ. ಕೆಲವು ವಾರಗಳಿಂದ ಬೆಳಿಗ್ಗೆ ಏಳುವಾಗಲೇ ಮಂಡೆನೋವು, ವಾಂತಿ. ವಾಂತಿಯಾದ ಮೇಲೆ ಹುಷಾರಾಗಿ ಆಡುತ್ತಾನೆ. ಗ್ಯಾಸ್ಟ್ರಿಕ್ ಮದ್ದು, ಹುಳದ ಮದ್ದು ಎರಡೂ ಕೊಟ್ಟಾಯಿತು. ಈಗ ನಡೆಯುವಾಗ ವಾಲುತ್ತಾನೆ, ಒಂದು ಕಣ್ಣು ಒಳಕ್ಕೆ ತಿರುಗಿದೆ. ಎಂಆರ್‌ಐಯಲ್ಲಿ ಮೆದುಳಿನ ಹಿಂಭಾಗದ ಒಳಕೋಣೆಯಾದ ನಾಲ್ಕನೇ ವೆಂಟ್ರಿಕಲ್‌ನಲ್ಲಿ ಗಡ್ಡೆ, ಅದರಿಂದ ಮೇಲೆಲ್ಲ ನೀರು ಎಂದು ಬಂದಿದೆ. ಬೇರೆ ಕಡೆಗೆ ಹರಡಿಲ್ಲವಂತೆ. ಒಬ್ಬ ಡಾಕ್ಟರು ನೇರ ಗಡ್ಡೆ ತೆಗೆಯುವ, ಬೇಕಾದರೆ ಹೊರಗೆ ಪೈಪು ಇಡುವ ಎನ್ನುತ್ತಾರೆ. ಇನ್ನೊಬ್ಬರು ಮೊದಲು ಶಂಟ್, ಅಂದರೆ ತಲೆಯ ನೀರನ್ನು ಚರ್ಮದಡಿಯಿಂದ ಹೊಟ್ಟೆಗೆ ಇಳಿಸುವ ಕಾಯಂ ಪೈಪು, ಎಂದರು. ತಲೆ ದೊಡ್ಡದಾಗಲಿಲ್ಲವಲ್ಲ, ಮತ್ತೆ ನೀರು ಹೇಗೆ ಎಂದು ಮನೆಯ ಹಿರಿಯರ ಸಂಶಯ. ಸೋಮವಾರ ದಾಖಲು ಮಾಡಬೇಕು. ಏನು ಕೇಳಬೇಕು, ಏನು ನೋಡಿಕೊಳ್ಳಬೇಕು, ತಿಳಿದವರು ದಯವಿಟ್ಟು ಹೇಳಿ.

ನರಶಸ್ತ್ರಚಿಕಿತ್ಸಕರು, ಮಂಗಳೂರು

ಮೊದಲು ಸೋಮವಾರದ ವಿಷಯ. ಎಬ್ಬಿಸಿದರೂ ಮತ್ತೆ ಮತ್ತೆ ನಿದ್ದೆಗೆ ಜಾರಿದರೆ, ವಾಂತಿ ನಿಲ್ಲದಿದ್ದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ನಾಡಿ ನಿಧಾನವಾದರೆ, ಉಸಿರು ಏರುಪೇರಾದರೆ ಸೋಮವಾರದ ತನಕ ಕಾಯುವಂತಿಲ್ಲ. ರಾತ್ರಿಯಾದರೂ ಹೊರಡಿ. ತಲೆಭಾಗ ಸುಮಾರು 30 ಡಿಗ್ರಿ ಎತ್ತರದಲ್ಲಿರಲಿ, ಕುತ್ತಿಗೆ ನೇರವಾಗಿರಲಿ, ಬಾಯಿಗೆ ಏನೂ ಹಾಕಬೇಡಿ, ಹೋದ ಕೂಡಲೇ ಅರಿವಳಿಕೆ ಕೊಡಬೇಕಾಗಬಹುದು. ಜ್ವರ ಇದೆ, ಮೆದುಳುಜ್ವರವೋ ನೋಡುವ ಎಂದು ಯಾರಾದರೂ ಸೊಂಟದಿಂದ ನೀರು ತೆಗೆಯಲು ಹೊರಟರೆ ಎಂಆರ್‌ಐ ವರದಿ ತೋರಿಸಿ ತಡೆಯಿರಿ. ಮೇಲೆ ಒತ್ತಡ ಇರುವಾಗ ಕೆಳಗಿನಿಂದ ನೀರು ತೆಗೆದರೆ ಮೆದುಳು ಕೆಳಕ್ಕೆ ಜಾರಿ ಉಸಿರಾಟದ ಕೇಂದ್ರವನ್ನೇ ಅಮುಕಬಹುದು.

ಹಿರಿಯರ ಸಂಶಯ ಸಹಜವೇ. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳ ಮಕ್ಕಳ ಚಿತ್ರ ಕಾಸರಗೋಡಿನಲ್ಲಿ ಎಲ್ಲರ ಕಣ್ಣಲ್ಲೂ ಉಳಿದಿದೆ. ತಲೆಯಲ್ಲಿ ನೀರು ಎಂದರೆ ದೊಡ್ಡ ತಲೆ ಎಂದೇ ತಿಳಿಯುತ್ತಾರೆ. ಆದರೆ ತಲೆ ಹಾಗೆ ಹಿಗ್ಗುವುದು ಎಲುಬಿನ ಬೆಸುಗೆಗಳು ಸಡಿಲವಿರುವ ಶಿಶುಗಳಲ್ಲಿ. ನೆತ್ತಿಯ ಮೆದುಭಾಗ ಸುಮಾರು ಒಂದೂವರೆ ವರ್ಷಕ್ಕೆ ಮುಚ್ಚಿಹೋಗುತ್ತದೆ. ಆರು ವರ್ಷದವನಲ್ಲಿ ಒತ್ತಡಕ್ಕೆ ಹೊರಗೆ ಜಾಗವಿಲ್ಲ, ಅದು ಒಳಗೇ ಏರುತ್ತದೆ. ಬೆಳಗಿನ ನೋವು, ವಾಂತಿ, ಒಳಕ್ಕೆ ತಿರುಗಿದ ಕಣ್ಣು ಎಲ್ಲ ಅದರಿಂದಲೇ. ಇಡೀ ರಾತ್ರಿ ಮಲಗಿರುವಾಗ ಒತ್ತಡ ಹೆಚ್ಚುತ್ತದೆ, ಅದಕ್ಕೇ ಬೆಳಿಗ್ಗೆ ಜೋರು. ಕಣ್ಣಿನ ನರದ ಊತ ಬಹಳ ದಿನ ನಿಂತರೆ ದೃಷ್ಟಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಹಾಗಾಗಿ ದಾಖಲಾದ ದಿನವೇ ಕಣ್ಣಿನ ಒಳಭಾಗದ ಪರೀಕ್ಷೆ ಆಯಿತೇ ಎಂದು ಕೇಳಿ.

ಈಗ ಶಂಟ್. ಮೆದುಳಿನ ಒಳಕೋಣೆಗಳಲ್ಲಿ ನೀರು ಯಾವಾಗಲೂ ಹುಟ್ಟುತ್ತಿರುತ್ತದೆ, ದೊಡ್ಡವರಲ್ಲಿ ಗಂಟೆಗೆ ಸುಮಾರು 20 ಮಿಲಿ, ದಿನಕ್ಕೆ ಅರ್ಧ ಲೀಟರಿನಷ್ಟು. ಅದು ಮೂರನೇ ಕೋಣೆಯಿಂದ ಸಪೂರ ಕಾಲುವೆಯಲ್ಲಿ ನಾಲ್ಕನೆಯದಕ್ಕೆ ಇಳಿದು, ಅಲ್ಲಿಂದ ಹೊರಬಂದು ಮೆದುಳಿನ ಮೇಲ್ಮೈಯಲ್ಲಿ ಹೀರಲ್ಪಡುತ್ತದೆ. ನಿಮ್ಮ ಮಗುವಿನ ಗಡ್ಡೆ ಕುಳಿತಿರುವುದು ಆ ಹೊರದಾರಿಯಲ್ಲೇ, ತೋಡಿಗೆ ಅಡ್ಡ ಬಿದ್ದ ಮರದ ಹಾಗೆ. ಮರ ತೆಗೆದರೆ ಹೆಚ್ಚಿನ ಮಕ್ಕಳಲ್ಲಿ ನೀರು ತಾನೇ ಹರಿಯುತ್ತದೆ. ಮೆದುಳಿನ ಹಿಂಭಾಗದಲ್ಲಿ ಗಡ್ಡೆಯಿರುವ ಮಕ್ಕಳಲ್ಲಿ ಬಹುಪಾಲು ಜನ ನೀರು ತುಂಬಿಕೊಂಡೇ ಬರುತ್ತಾರೆ, ಆದರೆ ಗಡ್ಡೆ ತೆಗೆದ ಮೇಲೂ ಕಾಯಂ ದಾರಿ ಬೇಕಾಗುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಎಲ್ಲರಿಗೂ ಮೊದಲೇ ಶಂಟ್ ಹಾಕಿದರೆ ಉಳಿದ ಮೂವರಿಗೆ ಬೇಡದ ಪೈಪು ಜೀವಮಾನವಿಡೀ ಇರುತ್ತದೆ. ಸೋಂಕು, ಕಟ್ಟಿಕೊಳ್ಳುವುದು, ಮತ್ತೆ ಆಪರೇಷನ್ ಎಲ್ಲ ಅದರ ಬೆನ್ನಿಗೆ. ಕೆಳಗೆ ಗಡ್ಡೆ ಇರುವಾಗಲೇ ಮೇಲಿನ ನೀರು ಬೇಗ ಇಳಿದರೆ ಗಡ್ಡೆ ಮೇಲಕ್ಕೆ ತಳ್ಳಲ್ಪಡುವ ಅಪಾಯವೂ ಇದೆ. ಆದ್ದರಿಂದ ಸ್ಟೆರಾಯ್ಡ್ ಕೊಟ್ಟು ಊತ ಇಳಿಸಿ, ಕೆಲವೇ ದಿನದಲ್ಲಿ ಗಡ್ಡೆ ತೆಗೆಯುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ.

ಯಾರಿಗೆ ಆಮೇಲೆ ಬೇಕಾಗಬಹುದು ಎಂದು ಅಂದಾಜಿಸಲು ಕೆನಡಾದವರು ಮಾಡಿದ ಅಂಕಪಟ್ಟಿ ಇದೆ: ವಯಸ್ಸು 2ಕ್ಕಿಂತ ಕಡಿಮೆ ಇದ್ದರೆ 3, ಗಡ್ಡೆ ಹರಡಿದ್ದರೆ 3, ನೀರು ಮಧ್ಯಮ ಅಥವಾ ತೀವ್ರವಾಗಿದ್ದರೆ 2, ಕಣ್ಣಿನ ನರ ಊದಿದ್ದರೆ 1, ಸ್ಕ್ಯಾನ್ ನೋಡುವಾಗ ಮೆಡುಲ್ಲೊಬ್ಲಾಸ್ಟೋಮ (ಕಿರುಮೆದುಳಿನ ಭಾಗದಲ್ಲಿ ಬರುವ ಕ್ಯಾನ್ಸರ್ ಗಡ್ಡೆ) ಅಥವಾ ಎಪೆಂಡಿಮೋಮದಂಥ (ಒಳಕೋಣೆಗಳ ಒಳಪದರದ ಗಡ್ಡೆ) ಗಡ್ಡೆ ಅನಿಸಿದರೆ 1. ಐದು ಅಥವಾ ಹೆಚ್ಚು ಬಂದರೆ ಅಪಾಯ ಜಾಸ್ತಿ. ಆರು ವರ್ಷ, ಹರಡಿಲ್ಲ ಎಂದಾದರೆ ನಿಮ್ಮ ಮಗುವಿಗೆ ಎಲ್ಲ ಸೇರಿಯೂ 4 ದಾಟುವುದಿಲ್ಲ.

ಐಸಿಯು ನರ್ಸ್, ಕಾಸರಗೋಡು

ಹೊರಗಿನ ಪೈಪು, ಅಂದರೆ ಇವಿಡಿ ಹಾಕಿದರೆ ಮಗುವಿನ ಹತ್ತಿರ ಕೂರುವವರು ಇದನ್ನು ತಿಳಿದಿರಬೇಕು. ಅದರಲ್ಲಿ ನೀರು ಎಷ್ಟು ಬರುತ್ತದೆ ಎಂಬುದು ಎತ್ತರದ ಮೇಲೆ ನಿಂತಿದೆ. ಕಿವಿತೂತಿನ ಮುಂದಿರುವ ಸಣ್ಣ ಮೆದುಮೂಳೆಯ ಮಟ್ಟವೇ ಸೊನ್ನೆ. ಅಲ್ಲಿಂದ ಡಾಕ್ಟರು ಹೇಳಿದಷ್ಟು ಸೆಂಟಿಮೀಟರ್ ಮೇಲೆ, ಸಾಮಾನ್ಯವಾಗಿ 10ರಿಂದ 15ರ ಆಸುಪಾಸು, ತೊಟ್ಟಿಕ್ಕುವ ಚೇಂಬರ್ ಇರುತ್ತದೆ. ಮಗು ಎದ್ದು ಕೂತರೆ, ಯಾರಾದರೂ ಮಂಚದ ತಲೆಭಾಗ ಏರಿಸಿದರೆ ಸೊನ್ನೆ ತಪ್ಪಿತು. ತಲೆ ಮೇಲಾಯಿತು, ಚೇಂಬರ್ ಕೆಳಗಾಯಿತು, ನೀರು ಒಮ್ಮೆಲೇ ಸುರಿಯುತ್ತದೆ. ಹಾಗಾದಾಗ ಮೆದುಳಿನ ಮೇಲೆ ರಕ್ತ ಕಟ್ಟಬಹುದು, ಗಡ್ಡೆಯೊಳಗೆ ರಕ್ತಸ್ರಾವವೂ ಆಗಬಹುದು. ಆದ್ದರಿಂದ ಮಗುವನ್ನು ಎತ್ತುವ, ಮಗ್ಗುಲು ತಿರುಗಿಸುವ, ಸ್ಕ್ಯಾನಿಗೆ ಒಯ್ಯುವ ಮೊದಲು ನರ್ಸನ್ನು ಕರೆದು ಪೈಪು ಮುಚ್ಚುವ ಕ್ಲಾಂಪ್ ಹಾಕಿಸಿ. ಮುಗಿದ ಮೇಲೆ ಮಟ್ಟ ನೋಡಿ ತೆರೆಯಲೇಬೇಕು. ಮರೆತು ಮುಚ್ಚಿಯೇ ಬಿಟ್ಟ ಪೈಪು ಅಷ್ಟೇ ಅಪಾಯ. ನೀವೇ ಮುಟ್ಟಬೇಡಿ, ಆದರೆ "ಸಿಸ್ಟರ್, ತೆರೆದಿರಾ?" ಎಂದು ಕೇಳಲು ಸಂಕೋಚ ಬೇಡ.

ಪೈಪಿನೊಳಗಿನ ನೀರಿನ ಮಟ್ಟ ನಾಡಿಯ ಜೊತೆ ಸಣ್ಣಗೆ ಆಡುತ್ತಿರುತ್ತದೆ. ಆಡುವುದು ನಿಂತು, ತೊಟ್ಟೂ ಬೀಳದೆ, ಮಗು ಮಂಕಾದರೆ ಕಟ್ಟಿಕೊಂಡಿದೆ ಎಂದೇ ಲೆಕ್ಕ. ಬಣ್ಣ ಗಮನಿಸಿ. ಆಪರೇಷನ್ನಿನ ಮೇಲೆ ಗುಲಾಬಿ ಛಾಯೆ ಇದ್ದು ದಿನೇ ದಿನೇ ತಿಳಿಯಾಗಬೇಕು. ಇದ್ದಕ್ಕಿದ್ದಂತೆ ಕೆಂಪಾದರೆ, ಕಲಗಚ್ಚಿನಂತೆ ಮಬ್ಬಾದರೆ ಕೂಡಲೇ ಹೇಳಿ. ಬಹಳ ನೀರು ಹೋದರೆ ಜೊತೆಗೆ ಉಪ್ಪಿನಂಶವೂ ಹೋಗುತ್ತದೆ, ರಕ್ತದ ಸೋಡಿಯಂ ಪದೇ ಪದೇ ನೋಡುವುದು ಅದಕ್ಕೇ.

ಊತ ಇಳಿಸುವ ಸ್ಟೆರಾಯ್ಡ್ ಡೆಕ್ಸಾಮೆಥಾಸೋನ್ ಶುರುವಾದ ಮೇಲೆ ಮಗುವಿಗೆ ಹಸಿವು, ಸಿಟ್ಟು ಎರಡೂ ಹೆಚ್ಚುತ್ತದೆ, ಮುಖ ಊದುತ್ತದೆ. ಜೊತೆಗೆ ಹೊಟ್ಟೆ ಉರಿಯದಂತೆ ಕೊಡುವ ಮಾತ್ರೆ ತಪ್ಪಿಸಬೇಡಿ. ವಾಂತಿ ನಿಂತಿತಲ್ಲ ಎಂದು ಮನೆಯಲ್ಲಿ ಒಮ್ಮೆಗೇ ನಿಲ್ಲಿಸಲೇಬಾರದು, ಹಂತ ಹಂತವಾಗಿ ಇಳಿಸಬೇಕು.

ಇನ್ನೊಂದು ನಮ್ಮ ಗಡಿಯವರಿಗೇ ಸೇರಿದ್ದು. ಎಚ್ಚರ ಎಷ್ಟಿದೆ ಎಂದು ನೋಡಲು ಗಂಟೆಗೊಮ್ಮೆ ಮಗುವನ್ನು ಮಾತಾಡಿಸುತ್ತಾರೆ. ಮನೆಯಲ್ಲಿ ಹವ್ಯಕ ಅಥವಾ ತುಳು ಆಡುವ ಮಗುವಿಗೆ ಮಲಯಾಳದಲ್ಲಿ ಕೇಳಿದರೆ ಅದು ಸುಮ್ಮನೆ ನೋಡುತ್ತದೆ, ಎಚ್ಚರಕ್ಕೆ ಕೊಡುವ ಅಂಕ ಇಳಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ನಿಜವಾಗಿ ಮಂಕಾದಾಗಲೂ ಭಾಷೆ ತಿಳಿಯಲಿಲ್ಲ ಎಂದು ಬಿಟ್ಟುಬಿಡುತ್ತಾರೆ. ಮನೆಮಾತು ಯಾವುದು ಎಂದು ಕೇಸ್‌ಶೀಟಿನಲ್ಲಿ ಬರೆಸಿ, ಪರೀಕ್ಷೆಯ ಹೊತ್ತಿಗೆ ಮನೆಯವರೊಬ್ಬರು ಪ್ರಶ್ನೆ ಕೇಳಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆ. ದೂರ್ಬೀನು ಹಾಕಿ ತೂತು ಮಾಡುವುದೂ ಇದೆಯಂತೆ. ಅದು ಶಂಟಿಗಿಂತ ಒಳ್ಳೆಯದೇ? ಆಪರೇಷನ್ ಆದ ಮೇಲೆ ನೀರು ಮತ್ತೆ ತುಂಬಿತೆಂದು ನಮಗೆ ಗೊತ್ತಾಗುವುದು ಹೇಗೆ?

ನರಶಸ್ತ್ರಚಿಕಿತ್ಸಕರು, ಮಂಗಳೂರು

ಅದು ಇಟಿವಿ. ಮೂರನೇ ಕೋಣೆಯ ತೆಳುವಾದ ನೆಲದಲ್ಲಿ ಎಂಡೋಸ್ಕೋಪಿನಿಂದ ತೂತು ಮಾಡಿ, ಪುಟ್ಟ ಬಲೂನಿನಿಂದ ಹಿಗ್ಗಿಸಿ ನೀರಿಗೆ ಬೇರೆ ದಾರಿ ಕೊಡುವುದು. ಒಳಗೆ ಯಾವ ಪೈಪೂ ಉಳಿಯುವುದಿಲ್ಲ, ಅದೇ ದೊಡ್ಡ ಲಾಭ. ಆದರೆ ಆ ನೆಲದ ಕೆಳಗೇ ಮಿದುಳುಕಾಂಡಕ್ಕೆ ರಕ್ತ ಒಯ್ಯುವ ಬೇಸಿಲಾರ್ ರಕ್ತನಾಳ ಇದೆ, ಕೈ ಪಳಗಿದವರೇ ಮಾಡಬೇಕು. ಯಶಸ್ಸಿನ ಅಂದಾಜಿಗೂ ಅಂಕಗಳಿವೆ: ವಯಸ್ಸು 1ರಿಂದ 10ರೊಳಗೆ 40, ಕಾರಣ ಇಂಥ ಗಡ್ಡೆಯಾದರೆ 20, ಹಿಂದೆ ಶಂಟ್ ಹಾಕಿಲ್ಲದಿದ್ದರೆ 10. ಒಟ್ಟು 70, ಅಂದರೆ ಆರು ತಿಂಗಳಾದರೂ ತೂತು ಕೆಲಸ ಮಾಡುತ್ತಿರುವ ಸಾಧ್ಯತೆ ನೂರಕ್ಕೆ ಸುಮಾರು 70. ಆರು ತಿಂಗಳೊಳಗಿನ ಶಿಶುವಿಗೆ ವಯಸ್ಸಿನ ಅಂಕ 10 ಅಥವಾ ಸೊನ್ನೆ, ಅಲ್ಲಿ ಲೆಕ್ಕವೇ ಬೇರೆ. ಗಡ್ಡೆ ತೆಗೆಯುವುದು ತಡವಾಗುವಂತಿದ್ದರೆ, ಅಥವಾ ತೆಗೆದ ಮೇಲೂ ನೀರು ಉಳಿದರೆ ಮೊದಲು ಇಟಿವಿಯನ್ನು ಯೋಚಿಸಬಹುದು. ಮಿದುಳುಕಾಂಡದ ಹಿಂಬದಿಯ ಟೆಕ್ಟಲ್ ಗಡ್ಡೆಗಳಲ್ಲಂತೂ ಅನೇಕ ಮಕ್ಕಳಿಗೆ ಇದೊಂದೇ ಸಾಕಾಗುತ್ತದೆ, ಗಡ್ಡೆಯನ್ನು ಎಂಆರ್‌ಐಯಲ್ಲಿ ನೋಡುತ್ತಾ ಹೋಗುತ್ತಾರೆ.

ನೀರು ಮತ್ತೆ ತುಂಬುವ ಗುರುತಿನಲ್ಲಿ ಮನೆಯವರ ಕಣ್ಣಿಗೆ ಮೊದಲು ಬೀಳುವುದು ಹೊಲಿಗೆ. ಕತ್ತಿನ ಹಿಂದೆ ಗಾಯದ ಅಡಿಯಲ್ಲಿ ಮೆದುವಾದ ಉಬ್ಬು ದಿನೇ ದಿನೇ ಬಿಗಿಯಾದರೆ, ಅಥವಾ ದಿಂಬು ತಿಳಿನೀರಿನಿಂದ ಒದ್ದೆಯಾದರೆ, ಒತ್ತಡ ಇಳಿದಿಲ್ಲ ಎಂದರ್ಥ. ಮೇಲಿಂದ ಇನ್ನೊಂದು ಹೊಲಿಗೆ ಹಾಕಿ ಕಳಿಸಿದರೆ ಸಾಲದು, ಸ್ಕ್ಯಾನ್ ಮಾಡಿಸಲೇಬೇಕು. ಇವಿಡಿ ಇದ್ದರೆ ಅದನ್ನು ಹಂತಹಂತವಾಗಿ ಎತ್ತರಿಸಿ, ಒಂದು ದಿನದಷ್ಟು ಮುಚ್ಚಿಟ್ಟು, ತಲೆನೋವು ವಾಂತಿ ಇಲ್ಲ, ಸ್ಕ್ಯಾನಿನಲ್ಲಿ ಕೋಣೆಗಳು ಹಿಗ್ಗಿಲ್ಲ ಎಂದು ನೋಡಿಯೇ ತೆಗೆಯುತ್ತಾರೆ.

ಫಿಸಿಯೋಥೆರಪಿಸ್ಟ್, ಮಂಜೇಶ್ವರ

ಆಪರೇಷನ್ ಆಗಿ ಮೊದಲು ಮಾತಾಡಿದ ಮಗು ಒಂದೆರಡು ದಿನ ಬಿಟ್ಟು ಪೂರ್ತಿ ಮೌನವಾಗಬಹುದು, ವಿಪರೀತ ರಚ್ಚೆ ಹಿಡಿಯಬಹುದು, ಮೈ ಮೆತ್ತಗಾಗಬಹುದು. ಇದು ಕಿರುಮೆದುಳಿನ ಗಡ್ಡೆ ತೆಗೆದ ಮೇಲೆ ಬರುವ ಮೂಕತನ, ಮೆಡುಲ್ಲೊಬ್ಲಾಸ್ಟೋಮದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಾಣುತ್ತದೆ. ನೀರು ತುಂಬಿದ್ದರೂ ಹೀಗೇ ಮಂಕಾಗುವುದರಿಂದ ಸ್ಕ್ಯಾನಿನಿಂದ ಬೇರ್ಪಡಿಸಿಕೊಳ್ಳಬೇಕು. ಮಾತು ವಾರಗಳಲ್ಲೋ ತಿಂಗಳುಗಳಲ್ಲೋ ಮರಳುತ್ತದೆ, ಕೆಲವೊಮ್ಮೆ ತೊದಲು ಉಳಿಯುತ್ತದೆ. ಅಷ್ಟರವರೆಗೆ ಮಗುವಿಗೆ ಕೇಳಿಸುತ್ತದೆ, ತಿಳಿಯುತ್ತದೆ ಎಂದೇ ನಡೆದುಕೊಳ್ಳಿ. ನುಂಗುವುದನ್ನು ಪರೀಕ್ಷಿಸದೆ ಗಂಜಿ ತೆಳಿ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಶಂಟ್ ಇರುವ ಮಗುವಿನ ತಾಯಿ, ಮುಳ್ಳೇರಿಯ

ಕೊನೆಗೂ ಶಂಟ್ ಬೇಕೆಂದಾದರೆ ಹೆದರಬೇಡಿ ತಂಗಿ, ಆದರೆ ಮೂರು ಸಂಗತಿ ಕೇಳಿ ಬರೆದಿಟ್ಟುಕೊಳ್ಳಿ: ನೀರಿನ ಹರಿವನ್ನು ಹಿಡಿತದಲ್ಲಿಡುವ ವಾಲ್ವಿನ ಕಂಪೆನಿ ಮತ್ತು ಮಾದರಿ, ಒತ್ತಡದ ಸೆಟ್ಟಿಂಗ್, ಹಾಕಿದ ತಾರೀಕು. ನಮ್ಮ ದೇಶದ ಛಾಬ್ರಾ ಶಂಟ್ ಕಡಿಮೆ ಬೆಲೆಯದ್ದು, ಬಹಳ ಕಡೆ ಅದನ್ನೇ ಹಾಕುತ್ತಾರೆ. ಹೊರಗಿನಿಂದ ಅಯಸ್ಕಾಂತದಲ್ಲಿ ಹೊಂದಿಸುವ ವಾಲ್ವಾದರೆ ಪ್ರತಿ ಎಂಆರ್‌ಐ ಆದ ಮೇಲೂ ಸೆಟ್ಟಿಂಗ್ ಪರೀಕ್ಷಿಸಬೇಕು, ಮಾದರಿಯನ್ನು ನೋಡಿ ಮತ್ತೆ ಹೊಂದಿಸಬೇಕಾಗಬಹುದು. ಗಡ್ಡೆಯ ಮಗುವಿಗೆ ಎಂಆರ್‌ಐ ಪದೇ ಪದೇ ಇರುವುದರಿಂದ ಇದು ಸಣ್ಣ ವಿಷಯವಲ್ಲ. ಕೆಲಸ ಚೆನ್ನಾಗಿರುವಾಗಿನ ಸ್ಕ್ಯಾನಿನ ಸಿಡಿ ಸದಾ ಕೈಯಲ್ಲಿರಲಿ. ಮುಂದೆ ಸಂಶಯ ಬಂದಾಗ ಹೋಲಿಸಲು ಅದೇ ಬೇಕು.

ಮಕ್ಕಳ ಶಂಟ್‌ಗಳಲ್ಲಿ ಮೂರರಲ್ಲೊಂದರಷ್ಟು ಮೊದಲ ವರ್ಷದಲ್ಲೇ ಕೆಡುತ್ತವೆ. ಸೋಂಕು ಹೆಚ್ಚಾಗಿ ಮೊದಲ ಆರು ತಿಂಗಳೊಳಗೆ. ಪೈಪಿನ ದಾರಿಯುದ್ದಕ್ಕೂ ಕೆಂಪು, ಕಾರಣವಿಲ್ಲದ ಜ್ವರ, ಹೊಟ್ಟೆನೋವು ಅಥವಾ ಹೊಟ್ಟೆಯುಬ್ಬರ ಬಂದರೆ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಆಂಟಿಬಯೋಟಿಕ್ ತಕ್ಕೊಂಡು ಕಾಯಬೇಡಿ, ಶಂಟ್ ಹಾಕಿದಲ್ಲಿಗೆ ಹೋಗಿ. ಕೀಮೋ ನಡೆಯುವಾಗ ವಾಂತಿಯನ್ನು ಮದ್ದಿನ ತಲೆಗೆ ಕಟ್ಟುವುದು ಸುಲಭ. ಬೆಳಿಗ್ಗೆಯೇ ಬರುವ, ತಲೆನೋವು ಅಥವಾ ನಿದ್ದೆಗುಂಗಿನ ಜೊತೆಗಿನ ವಾಂತಿಗೆ ಸ್ಕ್ಯಾನ್ ಕೇಳಿ.

ಖರ್ಚಿಗೆ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಕಾರ್ಡು ಕೇರಳದ್ದು, ಆಸ್ಪತ್ರೆ ತಲಪಾಡಿ ಗಡಿಯಾಚೆ ಕರ್ನಾಟಕದ್ದು ಎಂದಾದರೆ ಅಲ್ಲಿ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ಯೋಜನೆಯ ಕೌಂಟರಿನಲ್ಲಿ ವಿಚಾರಿಸಿ. ಆಮೇಲೆ ರೇಡಿಯೇಶನ್ ಬೇಕಾದರೆ ಅದು ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ನಡೆಯುತ್ತದೆ. ಮಂಗಳೂರೋ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರೋ, ತಿರುವನಂತಪುರವೋ ಎಂಬುದನ್ನು ಗಡ್ಡೆಯ ಆಪರೇಷನ್ನಿಗೆ ಮೊದಲೇ ಕೇಳಿಟ್ಟುಕೊಳ್ಳಿ, ಯಾಕೆಂದರೆ ಮೆಡುಲ್ಲೊಬ್ಲಾಸ್ಟೋಮವಾದರೆ ಆಪರೇಷನ್ ಆಗಿ ಏಳು ವಾರದೊಳಗೆ ಶುರುವಾಗಬೇಕು. ಯಾವ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೂ ನರಶಸ್ತ್ರಚಿಕಿತ್ಸಕರು ಸಿಗುತ್ತಾರೆ ಎಂದು ಕೇಳಿ ಆ ಫೋನ್ ನಂಬರನ್ನು ಡಿಸ್ಚಾರ್ಜ್ ಕಾಗದದ ಮೇಲೆಯೇ ಬರೆಸಿಕೊಳ್ಳಿ.