ಜ್ವಾಲಾ ಪರೀಕ್ಷೆ: ಯಾವ ಲವಣ ಹಿಡಿದರೂ ಹಳದಿಯೇ ಬರುತ್ತಿದೆ, ಏನು ಮಾಡಲಿ?

ತುಂಗಾತೀರದ ಟೀಚರ್:
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪರಮಾಣು, ಅಯಾನು, ಆವರ್ತ ಕೋಷ್ಟಕ ಮೂರೂ ಮುಗಿದವು. ಮಕ್ಕಳಿಗೆ ಒಂದು ಸಲ ಜ್ವಾಲಾ ಪರೀಕ್ಷೆ (ಲವಣವನ್ನು ಉರಿಯಲ್ಲಿ ಹಿಡಿದು, ಬರುವ ಬಣ್ಣದಿಂದ ಅದರಲ್ಲಿರುವ ಲೋಹ ಗುರುತಿಸುವುದು) ತೋರಿಸೋಣ ಅಂತ ಹೊರಟಿದ್ದೇನೆ. ಸೋಡಿಯಂಗೆ ಹಳದಿ, ಪೊಟ್ಯಾಸಿಯಂಗೆ ತಿಳಿ ನೇರಳೆ, ಕ್ಯಾಲ್ಸಿಯಂಗೆ ಇಟ್ಟಿಗೆ ಕೆಂಪು, ತಾಮ್ರಕ್ಕೆ ಹಸಿರು ಬರಬೇಕಲ್ವಾ? ನನಗೆ ಎಲ್ಲದಕ್ಕೂ ಹಳದಿ. ಮೈಲುತುತ್ತದಲ್ಲಿ (ತಾಮ್ರದ ಸಲ್ಫೇಟ್) ಮಾತ್ರ ಉರಿಯ ಅಂಚಿನಲ್ಲಿ ಚೂರು ಹಸಿರು ಕಾಣಿಸಿ ಮಾಯವಾಗುತ್ತದೆ.

ನನ್ನ ಹತ್ತಿರ ಇರುವುದು ಇಷ್ಟು: ಅಡುಗೆ ಉಪ್ಪು, ತೋಟಕ್ಕೆ ಹಾಕುವ ಪೊಟ್ಯಾಷ್, ಅಡಿಕೆಗೆ ಬೋರ್ಡೋ ಹೊಡೆಯಲು ತಂದಿದ್ದ ಮೈಲುತುತ್ತ, ಎಲೆಗೆ ಹಚ್ಚುವ ಸುಣ್ಣ. ಪ್ಲಾಟಿನಂ ತಂತಿ ಇಲ್ಲ. ಗಾಜಿನ ಕಡ್ಡಿಯ ತುದಿಯನ್ನು ಒದ್ದೆ ಮಾಡಿ, ಪುಡಿಯಲ್ಲಿ ಅದ್ದಿ, ಸಣ್ಣ ಗ್ಯಾಸ್ ಸ್ಟೌವಿನ ಉರಿಯಲ್ಲಿ ಹಿಡಿಯುತ್ತೇನೆ. ನೀರು ಬೋರ್‌ವೆಲ್‌ನದು.

ಹಳೇ ಲ್ಯಾಬು:
ಟೀಚರೇ, ಮೊದಲು ಒಂದು ಕೆಲಸ ಮಾಡಿ. ಯಾವ ಪುಡಿಯೂ ಬೇಡ. ಬರೀ ಗಾಜಿನ ಕಡ್ಡಿಯನ್ನು ನೀಲಿ ಉರಿಯಲ್ಲಿ ಕೆಂಪಗಾಗುವ ತನಕ ಹಿಡಿಯಿರಿ. ಏನು ಬಣ್ಣ ಬರುತ್ತದೆ ನೋಡಿ ಇಲ್ಲಿ ಬರೆಯಿರಿ.

ತುಂಗಾತೀರದ ಟೀಚರ್:
ಅಯ್ಯೋ, ಬರೀ ಕಡ್ಡಿಯೇ ಹಳದಿ ಕೊಡುತ್ತಿದೆ!

ಹಳೇ ಲ್ಯಾಬು:
ಕೊಡಲೇಬೇಕು. ಸಾಮಾನ್ಯ ಗಾಜು ಮಾಡುವುದೇ ಮರಳು, ಸುಣ್ಣಕಲ್ಲು, ಸೋಡಾ ಬೂದಿಯಿಂದ. ಆ ಸೋಡಾದಲ್ಲಿ ಸೋಡಿಯಂ ಇದೆ. ಬೋರ್‌ವೆಲ್ ನೀರಿನಲ್ಲೂ ಇದೆ. ಬೆರಳಿನ ಬೆವರಿನಲ್ಲಂತೂ ಇದ್ದೇ ಇದೆ. ನೀವು ಇಷ್ಟು ಹೊತ್ತು ನೋಡಿದ್ದು ಮೈಲುತುತ್ತವೂ ಅಲ್ಲ, ಸುಣ್ಣವೂ ಅಲ್ಲ, ಕಡ್ಡಿ, ನೀರು, ಕೈಯಲ್ಲಿದ್ದ ಸೋಡಿಯಂ.

ಎಲೆಕ್ಟ್ರಿಕ್ ಅಂಗಡಿಯಲ್ಲಿ ಹೀಟರ್ ಕಾಯಿಲ್ ಸಿಗುತ್ತದೆ, ಅದು ನೈಕ್ರೋಮ್, ನಿಕ್ಕಲ್ ಮತ್ತು ಕ್ರೋಮಿಯಂ ಬೆರೆತ ಲೋಹ. ಒಂದು ಗೇಣು ಕತ್ತರಿಸಿ ತುದಿಯನ್ನು ಸಣ್ಣ ಕುಣಿಕೆ ಮಾಡಿ. ಇನ್ನೊಂದು ತುದಿಯನ್ನು ಕಾರ್ಕಿಗೆ ಚುಚ್ಚಿ, ಅದೇ ಹಿಡಿ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ಉರಿಯಲ್ಲಿ ಕಾಯಿಸಿ. ಮತ್ತೆ ಅದ್ದಿ, ಮತ್ತೆ ಕಾಯಿಸಿ. ಉರಿಯ ಬಣ್ಣ ಒಂದು ಚೂರೂ ಬದಲಾಗದಷ್ಟು ಆದಾಗ ತಂತಿ ತಯಾರು. ಆಮೇಲೆ ಕುಣಿಕೆಯನ್ನು ಕೈಯಲ್ಲಿ ಮುಟ್ಟಲೇಬೇಡಿ. ಬಾತ್‌ರೂಂ ತೊಳೆಯುವ ಆಸಿಡ್ ಬೇಡ, ಅದರಲ್ಲಿ ಬಣ್ಣ, ಸೋಪು ಏನೇನೋ ಇರುತ್ತವೆ. ಲ್ಯಾಬಿನದೇ ಬಳಸಿ. ಕಿಟಕಿ ತೆಗೆದಿಡಿ, ಕನ್ನಡಕ ಹಾಕಿಕೊಳ್ಳಿ.

ನೀರಿಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಸಾಕು. ತಾಮ್ರದ ತಂತಿ ಮಾತ್ರ ಬೇಡ. ಅದಕ್ಕೆ ಕ್ಲೋರೈಡ್ ತಗುಲಿದರೆ ತಂತಿಯೇ ಹಸಿರು ಕೊಡುತ್ತದೆ. ಆಗ "ಎಲ್ಲಾ ಹಸಿರೇ ಬರುತ್ತಿದೆ" ಅಂತ ಇನ್ನೊಂದು ಪೋಸ್ಟ್ ಹಾಕಬೇಕಾಗುತ್ತದೆ.

ಬೆಳಕಿನ ಗೆರೆ:
ಸೋಡಿಯಂ ಯಾಕೆ ಇಷ್ಟು ಕಾಟ ಕೊಡುತ್ತದೆ ಅಂತ ಮಕ್ಕಳಿಗೆ ಹೇಳಬೇಕಾದರೆ ಜರ್ಮನಿಯ ವಿಜ್ಞಾನಿಗಳಾದ ಬುನ್ಸೆನ್, ಕಿರ್ಖಾಫ್ ಇಬ್ಬರ ಪ್ರಯೋಗ ಹೇಳಿ. 1860ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಮಾಡಿದ್ದು. ಸುಮಾರು 60 ಘನ ಮೀಟರಿನ ಕೋಣೆಯ ಒಂದು ಮೂಲೆಯಲ್ಲಿ 3 ಮಿಲಿಗ್ರಾಂ ಸೋಡಿಯಂ ಕ್ಲೋರೇಟನ್ನು ಹಾಲಿನ ಸಕ್ಕರೆಯ ಜೊತೆ ಸಿಡಿಸಿದರು. ಇನ್ನೊಂದು ಕಡೆ ಬಣ್ಣವಿಲ್ಲದ ಉರಿಯನ್ನು ರೋಹಿತದರ್ಶಕದಲ್ಲಿ (ಬೆಳಕನ್ನು ಬಣ್ಣದ ಗೆರೆಗಳಾಗಿ ಬಿಡಿಸಿ ತೋರಿಸುವ ಸಾಧನ) ನೋಡುತ್ತಾ ನಿಂತರು. ಕೆಲವು ನಿಮಿಷಗಳಲ್ಲಿ ಹಳದಿ ಗೆರೆ ಎದ್ದಿತು. ಮಿಲಿಗ್ರಾಂನ 30 ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಸೋಡಿಯಂ ಇದ್ದರೂ ಗೊತ್ತಾಗುತ್ತದೆ ಅಂತ ಲೆಕ್ಕ ಹಾಕಿದರು. ಇದೇ ವಿಧಾನದಿಂದ ಅವರಿಗೆ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಸಿಕ್ಕವು. ಎರಡೂ ಆವರ್ತ ಕೋಷ್ಟಕದಲ್ಲಿ ಸೋಡಿಯಂ ಇರುವ ಒಂದನೇ ಗುಂಪಿನವೇ.

ಇನ್ನೊಂದು ಮಾತು. ಸೋಡಿಯಂನ ಬೆಳಕು ಬಹುಪಾಲು ಒಂದೇ ಕಡೆ, 589.0 ಮತ್ತು 589.6 ನ್ಯಾನೋಮೀಟರ್ ತರಂಗಾಂತರದ ಅವಳಿ ಗೆರೆಗಳಲ್ಲಿ ಬರುತ್ತದೆ. ಆ ಭಾಗ ನಮ್ಮ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಪೊಟ್ಯಾಸಿಯಂನ ಜೋರಾದ ಗೆರೆಗಳು 766 ಮತ್ತು 770ರಲ್ಲಿವೆ, ಅಲ್ಲಿ ಕಣ್ಣಿಗೆ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. 404ರ ಹತ್ತಿರದ ನೇರಳೆ ಗೆರೆಗಳು ಕಾಣುತ್ತವೆ, ಆದರೆ ಬಲವಿಲ್ಲ. ಹಾಗಾಗಿ ಸ್ವಲ್ಪ ಸೋಡಿಯಂ ಸೇರಿದರೂ ಪೊಟ್ಯಾಸಿಯಂ ಮುಚ್ಚಿಹೋಗುತ್ತದೆ.

ಘಟಪ್ರಭಾ:
ಮೇಡಂ, ಈ ಹಳದಿ ಗೆರೆ ದೊಡ್ಡದೊಡ್ಡವರನ್ನೂ ಗೊಂದಲಕ್ಕೆ ಕೆಡವಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಗುಂಟೂರಿನಲ್ಲಿ ನೋಡಿದ. ನಮ್ಮ ಕಡೆ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ನೋಡಿದ. ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಕಂಡ ಕಿತ್ತಳೆ ಗೆರೆ ಸೋಡಿಯಂನದೇ ಇರಬೇಕು ಅಂತ ಮೊದಲು ಅಂದುಕೊಂಡರು. ಅದು 587.6, ಸೋಡಿಯಂಗೆ ಬಲು ಹತ್ತಿರ. ಎರಡೂ ಬೇರೆ ಅಂತ ಅದೇ ವರ್ಷ ಇಂಗ್ಲೆಂಡಿನ ಖಗೋಳಜ್ಞ ಲಾಕಿಯರ್ ತೋರಿಸಿದ. ಅದೇ ಹೀಲಿಯಂ. ಭೂಮಿಯ ಮೇಲೆ ಅದು ರಸಾಯನಶಾಸ್ತ್ರಜ್ಞ ರ‍್ಯಾಮ್ಸೆ ಕೈಗೆ ಸಿಕ್ಕಿದ್ದು 1895ರಲ್ಲಿ.

ಚಟಪಟ:
ಇಷ್ಟೆಲ್ಲಾ ಕಷ್ಟ ಯಾಕೆ? ಮೆಥನಾಲ್‌ನಲ್ಲಿ ಲವಣ ಕರಗಿಸಿ ಬಟ್ಟಲಿಗೆ ಹಾಕಿ ಹಚ್ಚಿದರೆ ಆಯ್ತು. ಕಾಮನಬಿಲ್ಲಿನ ಹಾಗೆ ಸಾಲಾಗಿ ಉರಿಯುತ್ತೆ, ವಿಡಿಯೋ ನೋಡಿದ್ದೇನೆ.

ಹಳೇ ಲ್ಯಾಬು:
ಬೇಡ, ಬೇಡವೇ ಬೇಡ. ಉರಿ ಸಣ್ಣಗಾಯಿತು ಅಂತ ಬಾಟಲಿಯಿಂದ ಇನ್ನಷ್ಟು ಸುರಿಯಲು ಹೋಗುತ್ತಾರೆ. ಆವಿಯ ಮೂಲಕ ಬೆಂಕಿ ಬಾಟಲಿಯೊಳಗೆ ನುಗ್ಗುತ್ತದೆ. ಒಳಗಿದ್ದದ್ದು ಉರಿಯುತ್ತಾ ಎದುರಿಗೆ ಕೂತವರ ಮೇಲೆ ಚಿಮ್ಮುತ್ತದೆ. ಹೀಗೆ ಮಕ್ಕಳು ಸುಟ್ಟುಕೊಂಡ ಘಟನೆಗಳು ಅಮೆರಿಕದಲ್ಲಿ ಆಗಿವೆ, 2014ರಲ್ಲಿ ಅಲ್ಲಿನ ಕೆಮಿಕಲ್ ಸೇಫ್ಟಿ ಬೋರ್ಡ್ ಎಚ್ಚರಿಕೆ ಕೊಟ್ಟಿತ್ತು. ಈ ಉಪಾಯವನ್ನು ಯಾರೂ ಮಾಡಬೇಡಿ. ತಂತಿ ಸಾಕು.

ತುಂಗಾತೀರದ ಟೀಚರ್:
ಹಳೇ ಲ್ಯಾಬು ಸರ್, ಕಾಯಿಲ್ ಸಿಕ್ಕಿತು! ಮೈಲುತುತ್ತ ಈಗ ಒಳ್ಳೇ ಹಸಿರು. ಆಮ್ಲದಲ್ಲಿ ಅದ್ದಿದ ತಂತಿಯಲ್ಲಿ ತೆಗೆದುಕೊಂಡರೆ ಅಂಚಿನಲ್ಲಿ ನೀಲಿಯೂ ಬರುತ್ತದೆ. ಸುಣ್ಣ ಬರೀ ಹಾಗೆ ಹಿಡಿದಾಗ ಏನೂ ಇಲ್ಲ, ಆಮ್ಲದ ಎರಡು ಹನಿ ಹಾಕಿ ಕಲಸಿದ ಮೇಲೆ ಇಟ್ಟಿಗೆ ಕೆಂಪು ಬಂತು. ಆದರೆ ಪೊಟ್ಯಾಷ್ ಈಗಲೂ ಹಳದಿ.

ಹಳೇ ಲ್ಯಾಬು:
ಸುಣ್ಣ ಆಮ್ಲದ ಜೊತೆ ಸೇರಿ ಕ್ಯಾಲ್ಸಿಯಂ ಕ್ಲೋರೈಡ್ ಆಯಿತು. ಕ್ಲೋರೈಡುಗಳು ಉರಿಯಲ್ಲಿ ಬೇಗ ಆವಿಯಾಗುತ್ತವೆ, ಅದಕ್ಕೇ ಬಣ್ಣ ಬಂತು.

ಪೊಟ್ಯಾಷ್ ವಿಷಯದಲ್ಲಿ ನಿಮ್ಮ ತಂತಿಯ ತಪ್ಪಿಲ್ಲ. ಗೊಬ್ಬರದ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಗಣಿಯಿಂದ ಬಂದದ್ದು. ಸ್ವಲ್ಪ ಉಪ್ಪು ಅದರ ಜೊತೆಗೇ ಬರುತ್ತದೆ. ಅದನ್ನು ತೆಗೆಯಲು ಒಂದು ಚೆಂದದ ದಾರಿ ಇದೆ. 100 ಮಿಲಿಲೀಟರ್ ನೀರಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ 20 ಡಿಗ್ರಿಯಲ್ಲಿ 34 ಗ್ರಾಂ ಕರಗುತ್ತದೆ, ಕುದಿಯುವಾಗ 56. ಅಡುಗೆ ಉಪ್ಪು 20 ಡಿಗ್ರಿಯಲ್ಲಿ 36, ಕುದಿಯುವಾಗ 39. ಅಂದರೆ ಬಿಸಿ ಏರಿದರೂ ಇಳಿದರೂ ಉಪ್ಪಿಗೆ ಹೆಚ್ಚು ವ್ಯತ್ಯಾಸವಿಲ್ಲ.

100 ಮಿಲಿಲೀಟರ್ ಡಿಸ್ಟಿಲ್ಡ್ ನೀರು ಕುದಿಸಿ, 50 ಗ್ರಾಂ ಪೊಟ್ಯಾಷ್ ಕರಗಿಸಿ, ಬಿಸಿ ಇರುವಾಗಲೇ ಸೋಸಿ. ಗೊಬ್ಬರ ಕೆಂಪು ಬಣ್ಣದ್ದಾದರೆ ಆ ಕೆಂಪು ಕಾಗದದಲ್ಲಿ ಉಳಿಯುತ್ತದೆ. ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಳದಲ್ಲಿ ಹರಳು ಕೂತಿರುತ್ತವೆ, ಉಪ್ಪು ನೀರಿನಲ್ಲೇ ಉಳಿದಿರುತ್ತದೆ. ನೀರು ಬಸಿದು, ಹರಳಿಗೆ ತಣ್ಣನೆಯ ಡಿಸ್ಟಿಲ್ಡ್ ನೀರು ಒಂದಿಷ್ಟು ಚಿಮುಕಿಸಿ ತೊಳೆಯಿರಿ. ಇದನ್ನೇ ಇನ್ನೊಂದು ಸುತ್ತು ಮಾಡಿದರೆ ಇನ್ನೂ ಒಳ್ಳೆಯದು.

ಬೆಳಕಿನ ಗೆರೆ:
ಅಷ್ಟಾದರೂ ಚೂರು ಹಳದಿ ಉಳಿಯಬಹುದು. ಲ್ಯಾಬಿನ ಕಪಾಟಿನಲ್ಲಿ ಕೋಬಾಲ್ಟ್ ನೀಲಿ ಗಾಜು ಇದೆಯಾ ನೋಡಿ, ಅದು ಹಳದಿಯನ್ನು ನುಂಗಿ ನೇರಳೆಯನ್ನು ಬಿಡುತ್ತದೆ. ಇಲ್ಲದಿದ್ದರೆ ಹಳೇ ಸಿಡಿ ತಗೊಳ್ಳಿ. ಕೋಣೆ ಕತ್ತಲು ಮಾಡಿ, ಉರಿಯ ಮುಂದೆ ರಟ್ಟಿನಲ್ಲಿ ಬ್ಲೇಡಿನಿಂದ ಸಣ್ಣ ಸೀಳು ಮಾಡಿ ನಿಲ್ಲಿಸಿ, ಸೀಳಿನ ಬೆಳಕನ್ನು ಸಿಡಿಯಲ್ಲಿ ಓರೆಯಾಗಿ ನೋಡಿ. ಸೋಡಿಯಂ ಅಗಲವಾಗಿ ಹರಡುವುದಿಲ್ಲ, ಸೀಳಿನಷ್ಟೇ ಸಣ್ಣ ಹಳದಿ ಗೆರೆಯಾಗಿ ನಿಲ್ಲುತ್ತದೆ.

ತುಂಗಾತೀರದ ಟೀಚರ್:
ಹರಳು ಕೂತಿವೆ, ಒಣಗಲು ಇಟ್ಟಿದ್ದೇನೆ. ಈ ನಡುವೆ 10ನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ: "ಮಿಸ್, ಉಪ್ಪಿನಲ್ಲಿ ಇರುವುದು ಸೋಡಿಯಂ ಅಯಾನು. ಅದು ಹೊರಗಿನ ಎಲೆಕ್ಟ್ರಾನನ್ನು ಆಗಲೇ ಕೊಟ್ಟುಬಿಟ್ಟಿದೆ. ಮತ್ತೆ ಯಾವ ಎಲೆಕ್ಟ್ರಾನ್ ಜಿಗಿದು ಹಳದಿ ಕೊಡುತ್ತೆ?" ನಾಳೆ ಹೇಳುತ್ತೇನೆ ಅಂದಿದ್ದೇನೆ. ಸಹಾಯ ಮಾಡಿ.

ಬೆಳಕಿನ ಗೆರೆ:
ಈ ಹುಡುಗಿಗೆ ಒಂದು ಶಭಾಷ್ ಹೇಳಿ. ಡಿಗ್ರಿ ಮುಗಿಸಿದವರೂ ಇಲ್ಲಿ ನಿಂತು ಯೋಚಿಸುವುದಿಲ್ಲ.

ಸೋಡಿಯಂ ಪರಮಾಣುವಿನ ಎಲೆಕ್ಟ್ರಾನ್ ವಿನ್ಯಾಸ 2, 8, 1. ಅಯಾನು ಆದಾಗ 2, 8. ಹಳದಿ ಬರುವುದು ಆ ಕೊನೆಯ ಒಂದು ಎಲೆಕ್ಟ್ರಾನ್ ಮೇಲೇರಿ ಮತ್ತೆ ತನ್ನ ಜಾಗಕ್ಕೆ ಇಳಿದಾಗ. ಅಯಾನಿನಲ್ಲಿ ಆ ಎಲೆಕ್ಟ್ರಾನೇ ಇಲ್ಲ. ಹಾಗಾಗಿ ಉರಿಯಲ್ಲಿ ಹಳದಿ ಕೊಡುವುದು ಅಯಾನು ಅಲ್ಲ, ಪರಮಾಣು.

ಹಾಗಾದರೆ ಎಲೆಕ್ಟ್ರಾನ್ ಎಲ್ಲಿಂದ ಬಂತು? ಕ್ಲೋರಿನ್ ಹತ್ತಿರದಿಂದಲೇ ವಾಪಸ್ ಬಂತು. ಲೆಕ್ಕ ನೋಡಿ. ಒಂದು ಮೋಲ್ (ಪರಮಾಣುಗಳನ್ನು ಎಣಿಸುವ ಅಳತೆ) ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು 496 ಕಿಲೋಜೂಲ್ ಬೇಕು. ಅವನ್ನು ಕ್ಲೋರಿನ್ ತೆಗೆದುಕೊಂಡಾಗ ಸಿಗುವುದು 349 ಮಾತ್ರ. ಇಲ್ಲಿಗೇ 147 ಕಿಲೋಜೂಲ್ ನಷ್ಟ. ಆದರೂ ಉಪ್ಪಿನ ಹರಳಿನಲ್ಲಿ ಅಯಾನುಗಳು ನೆಮ್ಮದಿಯಾಗಿವೆ. ಯಾಕೆಂದರೆ ಪ್ಲಸ್, ಮೈನಸ್ ಸಾಲುಸಾಲಾಗಿ ಪಕ್ಕಪಕ್ಕ ಕೂತಾಗ ಸುಮಾರು 787 ಕಿಲೋಜೂಲ್ ಬಿಡುಗಡೆಯಾಗುತ್ತದೆ. ನಷ್ಟ ತುಂಬಿ ಮೇಲೆ ಲಾಭ.

ಈಗ ಉಪ್ಪು ಉರಿಗೆ ಬಂತು. 801 ಡಿಗ್ರಿಯಲ್ಲಿ ಕರಗಿತು, ಆಮೇಲೆ ಆವಿಯಾಯಿತು. ಹರಳು ಹೋಯಿತು, 787ರ ಲಾಭವೂ ಹೋಯಿತು. ಆವಿಯಲ್ಲಿ ಸೋಡಿಯಂ, ಕ್ಲೋರಿನ್ ಜೋಡಿ ಬಿಸಿಗೆ ಬಿಟ್ಟುಹೋಗುವಾಗ ಅಯಾನುಗಳಾಗಿ ಬೇರೆಯಾಗುವುದಕ್ಕಿಂತ ಪರಮಾಣುಗಳಾಗಿ ಬೇರೆಯಾಗಲು ಕಡಿಮೆ ಶಕ್ತಿ ಸಾಕು. "ಲೋಹ ಎಲೆಕ್ಟ್ರಾನ್ ಕೊಡಲು ಕಾಯುತ್ತಿರುತ್ತದೆ" ಅಂತ ನಾವು ಕ್ಲಾಸಿನಲ್ಲಿ ಸುಮ್ನೆ ಹೇಳಿಬಿಡುತ್ತೇವೆ. ಒಂಟಿ ಸೋಡಿಯಂ ಪರಮಾಣು ಹಾಗೆಲ್ಲಾ ಕೊಡುವುದಿಲ್ಲ. ಈ ಮಾತನ್ನು ಪಾಠದಲ್ಲಿ ಸ್ವಲ್ಪ ತಿದ್ದಿಕೊಂಡರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇನ್ನೂ ಒಂದು ಮಜಾ ಇದೆ. ಉರಿಯಲ್ಲಿರುವ ಸೋಡಿಯಂ ಪರಮಾಣುಗಳಲ್ಲಿ ಒಂದು ಕ್ಷಣ ನೋಡಿದರೆ ಮೇಲಿನ ಮಟ್ಟದಲ್ಲಿರುವುದು ಲಕ್ಷಕ್ಕೆ ಒಂದರಷ್ಟು ಮಾತ್ರ. ಆದರೆ ಮೇಲೇರಿದ ಎಲೆಕ್ಟ್ರಾನ್ ಸುಮಾರು 16 ನ್ಯಾನೋಸೆಕೆಂಡಿನಲ್ಲಿ ಇಳಿದುಬಿಡುತ್ತದೆ. ಅದೇ ಪರಮಾಣು ಮತ್ತೆ ಮತ್ತೆ ಏರಿ ಇಳಿಯಬಹುದು. ಅಷ್ಟು ಕಡಿಮೆ ಸೋಡಿಯಂ ಅಷ್ಟು ಬೆಳಕು ಕೊಡುವುದು ಹೀಗೆ.

ಅಯಾನಿನಿಂದ ಇನ್ನೊಂದು ಎಲೆಕ್ಟ್ರಾನ್ ಕೀಳಬೇಕೆಂದರೆ 4562 ಕಿಲೋಜೂಲ್ ಬೇಕು. ಒಳಗಿನ ಆ 8 ಅಷ್ಟು ಬಿಗಿ. ಗ್ಯಾಸ್ ಉರಿಗೆ ಅವು ಜಗ್ಗುವುದಿಲ್ಲ. ಉಪ್ಪು ಬಿಳಿ, ಉಪ್ಪು ನೀರಿಗೆ ಬಣ್ಣವಿಲ್ಲ, ಅದೂ ಇದಕ್ಕೇ.

ಘಟಪ್ರಭಾ:
ಹಾಗಾದ್ರೆ ತಾಮ್ರ, ಕ್ಯಾಲ್ಸಿಯಂ ಕೂಡ ಪರಮಾಣುಗಳೇ ಏನ್ರೀ?

ಬೆಳಕಿನ ಗೆರೆ:
ಅಲ್ಲಿ ಕಥೆ ಬೇರೆ. ಕ್ಯಾಲ್ಸಿಯಂನ ಕೆಂಪು ಬಹುಪಾಲು ಉರಿಯಲ್ಲೇ ಹುಟ್ಟುವ ಪುಟ್ಟ ಅಣುವಿನದು, ಒಂದು ಕ್ಯಾಲ್ಸಿಯಂ, ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಸೇರಿದ್ದು. ತಾಮ್ರದ ಹಸಿರೂ ಅಂಥದೇ ಅಣುವಿನದು. ಅಂಚಿನ ನೀಲಿ ತಾಮ್ರ, ಕ್ಲೋರಿನ್ ಜೋಡಿಯದು. ಅದಕ್ಕೇ ಟೀಚರ್ ಆಮ್ಲ ಮುಟ್ಟಿಸಿದಾಗ ನೀಲಿ ಕಂಡಿತು. ಹೈಸ್ಕೂಲಿಗೆ ಇಷ್ಟು ಬೇಡ, ಕೇಳಿದವರಿಗೆ ಹೇಳಿದರೆ ಸಾಕು.

ತುಂಗಾತೀರದ ಟೀಚರ್:
ಇವತ್ತು ಕ್ಲಾಸಿನಲ್ಲಿ ಮಾಡಿದೆವು. ಹರಳಿನ ಪೊಟ್ಯಾಷ್ ತಿಳಿ ನೇರಳೆ ಕೊಟ್ಟಿತು! ಮೊದಲ ಕ್ಷಣ ಮಾತ್ರ ಚೆನ್ನಾಗಿ ಕಾಣುತ್ತದೆ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಮೇಲೆ ಹಿಂದಿನ ಬೆಂಚಿನವರಿಗೂ ಕಂಡಿತು. ಸಿಡಿಯಲ್ಲಿ ಹಳದಿ ಗೆರೆ ನೋಡಲು ನೂಕುನುಗ್ಗಲು. ಪ್ರಶ್ನೆ ಕೇಳಿದ ಹುಡುಗಿ 496, 349 ಲೆಕ್ಕವನ್ನು ಬೋರ್ಡಿನ ಮೇಲೆ ತಾನೇ ಬರೆದು ತೋರಿಸಿದಳು.

ಒಂದು ಡೌಟು ಉಳಿದಿದೆ. ಒಬ್ಬ ಹುಡುಗ ಮನೆಯಿಂದ ಎಪ್ಸಮ್ ಸಾಲ್ಟ್ ತಂದಿದ್ದ, ಮೆಗ್ನೀಸಿಯಂ ಸಲ್ಫೇಟ್. ತಂತಿಯಲ್ಲಿ ಹಿಡಿದರೆ ಯಾವ ಬಣ್ಣವೂ ಇಲ್ಲ. ಆಮ್ಲ ಹಾಕಿದರೂ ಇಲ್ಲ. ಕ್ಯಾಲ್ಸಿಯಂ ಇರುವ ಗುಂಪಿನಲ್ಲೇ ಅಲ್ವಾ ಮೆಗ್ನೀಸಿಯಂ ಇರುವುದು?

ಹಳೇ ಲ್ಯಾಬು:
ಗುಂಪು ಅದೇ. ಆದರೆ ಮೆಗ್ನೀಸಿಯಂ ಪರಮಾಣುವಿನ ಜೋರಾದ ಗೆರೆ 285 ನ್ಯಾನೋಮೀಟರಿನಲ್ಲಿದೆ, ಅದು ಅತಿನೇರಳೆ, ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಜ್ವಾಲಾ ಪರೀಕ್ಷೆಯಲ್ಲಿ ಅದಕ್ಕೆ ಬಣ್ಣ ಇಲ್ಲ. ಮತ್ತೆ ನೋಡಿ, ಹಳದಿಯೂ ಬರಲಿಲ್ಲ ಅಂದರೆ ನಿಮ್ಮ ತಂತಿಯೂ ಆ ಹುಡುಗನ ಎಪ್ಸಮ್ ಸಾಲ್ಟೂ ಎರಡೂ ಶುದ್ಧವಾಗಿವೆ. ಆ ತಂತಿಯನ್ನು ಪರೀಕ್ಷಾನಳಿಕೆಯೊಳಗೆ ಹಾಕಿ ಬಿರಡೆ ಬಿಗಿದಿಡಿ, ಮುಂದಿನ ವರ್ಷಕ್ಕೆ ಆಗುತ್ತದೆ.