ಅಪ್ಪ "ಮಗನನ್ನು ಸರಿಮಾಡಿ" ಅಂದರೆ ಆಪ್ತಸಮಾಲೋಚಕರು ಏನು ಹೇಳಬೇಕು?

ಪ್ರಶ್ನೆ: ಕಾಲೇಜು ಆಪ್ತಸಮಾಲೋಚಕಿ, ಹಾಸನ
ನಮ್ಮ ಪದವಿ ಕಾಲೇಜಿನ ಹುಡುಗನೊಬ್ಬ ತನಗೆ ಹುಡುಗರ ಮೇಲೇ ಮನಸ್ಸಾಗುತ್ತೆ ಅಂತ ನನ್ನ ಹತ್ತಿರ ಹೇಳಿಕೊಂಡಿದ್ದಾನೆ. ಅದರಲ್ಲಿ ಅವನಿಗೆ ಗೊಂದಲವೇನೂ ಇಲ್ಲ. ಮನೆಯಲ್ಲಿ ಗೊತ್ತಾದರೆ ಓದು ಬಿಡಿಸುತ್ತಾರೆ ಅನ್ನುವುದೇ ಭಯ. ಅವನ ಫೋನಿನಲ್ಲಿ ಏನೋ ನೋಡಿದ ತಂದೆ ಮೊನ್ನೆ ಬಂದು, "ಮೇಡಂ, ಹೇಗಾದರೂ ಸರಿಮಾಡಿ. ನಿಮ್ಮ ಹತ್ತಿರ ಏನೇನು ಹೇಳಿದ್ದಾನೆ, ನಮಗೂ ತಿಳಿಸಿ" ಅಂತ ಕೈಮುಗಿದರು. ಕೆಟ್ಟ ಮನುಷ್ಯರಲ್ಲ, ಹೆದರಿದ್ದಾರೆ. ಅವರಿಗೆ ಏನು ಹೇಳಲಿ?

ಇನ್ನೊಂದು ವಿಷಯ. ನನ್ನ ಕೋಣೆ ಪ್ರಿನ್ಸಿಪಾಲರ ಚೇಂಬರ್ ಎದುರಿಗೇ ಇದೆ, ಯಾರು ಬಂದುಹೋದರೂ ಕಾಣುತ್ತೆ. ಹೆಸರು ಬರೆಯುವ ರಿಜಿಸ್ಟರನ್ನು ಆಫೀಸಿನವರೂ ನೋಡುತ್ತಾರೆ. ಇಂಥ ಮಕ್ಕಳು ಹೆದರದೆ ಬರಬೇಕಾದರೆ ಏನು ಬದಲಿಸಬೇಕು?

ಉತ್ತರ: ಕ್ಲಿನಿಕಲ್ ಸೈಕಾಲಜಿಸ್ಟ್, ಮೈಸೂರು
ಹುಡುಗನಿಗೆ 18 ತುಂಬಿದ್ದರೆ ಅವನ ಒಪ್ಪಿಗೆಯಿಲ್ಲದೆ ಒಂದು ಮಾತೂ ಹೊರಗೆ ಹೋಗಬಾರದು. ಪ್ರಾಣಕ್ಕೆ ಅಪಾಯ ಕಂಡರೆ ಮಾತ್ರ ಬೇರೆ. ಸಲಿಂಗ ಆಕರ್ಷಣೆ ಕಾಯಿಲೆಯಲ್ಲ, ವಾಸಿಮಾಡುವಂಥದ್ದು ಅದರಲ್ಲಿ ಏನೂ ಇಲ್ಲ ಅಂತ ತಂದೆಗೆ ಹೇಳಿ. ಆದರೆ ಸಾಮಾನ್ಯ ಮಾತಾಗಿ ಹೇಳಿ. "ನಿಮ್ಮ ಮಗ ಹಾಗೇ" ಅನ್ನುವುದು ನಿಮ್ಮ ಬಾಯಿಂದ ಖಚಿತವಾಗಬಾರದು. ಭಾರತೀಯ ಮನೋವೈದ್ಯರ ಸಂಘ ಇದು ಕಾಯಿಲೆಯಲ್ಲ ಅಂತ 2018ರಲ್ಲೇ ಹೇಳಿದೆ. ಮದ್ರಾಸ್ ಹೈಕೋರ್ಟಿನ 2021ರ ಆದೇಶದ ನಂತರ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಒಲವು ಬದಲಿಸುತ್ತೇವೆಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಅಂತ ಸಾರಿತು. ಆದರೂ ಮಾತ್ರೆ ಬರೆದುಕೊಡುವವರು ಇದ್ದಾರೆ. ಯಾರ ಹತ್ತಿರ ಕಳಿಸುವುದಾದರೂ ಮೊದಲು ನೀವೇ ಫೋನ್ ಮಾಡಿ ಅವರ ನಿಲುವು ಕೇಳಿಕೊಳ್ಳಿ.

ಉತ್ತರ: ಲೈಂಗಿಕ ಅಲ್ಪಸಂಖ್ಯಾತರ ಸಮುದಾಯದ ಕಾರ್ಯಕರ್ತೆ, ಹೊಸಪೇಟೆ
ನಾನು ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂದರು, ಆದರೆ ನಾನು ಹೆಣ್ಣು. ಮೊದಲ ಸಲ ಆಪ್ತಸಮಾಲೋಚನೆಗೆ ಹೋದಾಗ ಅವರು ಕೇಳಿದ್ದು, "ಆಪರೇಷನ್ ಆಗಿದೆಯಾ?" ನಾನು ಹೋಗಿದ್ದು ಅಮ್ಮ ತೀರಿಕೊಂಡ ಸಂಕಟ ಹೇಳಿಕೊಳ್ಳೋಕೆ. ಮತ್ತೆ ಆ ಕಡೆ ಹೋಗಲಿಲ್ಲ. ನಮ್ಮ ಲಿಂಗತ್ವ ನಾವೇ ಹೇಳಬಹುದು, ಅದಕ್ಕೆ ಆಪರೇಷನ್ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತ್ತು.

ಮೇಡಂ, ರಿಜಿಸ್ಟರಿನಲ್ಲಿ ಹೆಸರಿನ ಬದಲು ನಂಬರ್ ಬರೀರಿ. ಏನಂತ ಕರೀಬೇಕು ಅಂತ ಕೇಳಿ. ಮನೆಗೆ ಫೋನ್ ಮಾಡುವಾಗ ಯಾವ ಹೆಸರು ಹೇಳಬೇಕು ಅಂತಲೂ ಕೇಳಿ, ಎರಡೂ ಒಂದೇ ಆಗಿರಲ್ಲ. ನಮ್ಮ ಸಮುದಾಯದ ಗುರುತಾದ ಕಾಮನಬಿಲ್ಲಿನ ಸ್ಟಿಕರ್ ಆಮೇಲೆ. ಪ್ರಿನ್ಸಿಪಾಲರ ಎದುರಿನ ಬಾಗಿಲಿಗೆ ಅದನ್ನ ಅಂಟಿಸಿದರೆ ಒಳಗೆ ಕಾಲಿಡೋರೇ ಇರಲ್ಲ!

ಪ್ರಶ್ನೆ ಕೇಳಿದವರು
ಇಬ್ಬರಿಗೂ ನಮಸ್ಕಾರ. ಅಕ್ಕಾ, ನಿಮ್ಮ ಮಾತು ಓದಿ ಸಂಕಟವಾಯಿತು. ಲೈಬ್ರರಿ ಹಿಂದಿನ ಕೋಣೆ ಕೊಡಿ ಅಂತ ಪ್ರಿನ್ಸಿಪಾಲರನ್ನು ಕೇಳುತ್ತೇನೆ. ನಂಬರ್ ಪದ್ಧತಿ ಈ ವಾರದಿಂದಲೇ. ತಂದೆಯನ್ನು ಕರೆಯುವ ಮೊದಲು ಏನು ಹೇಳಬಹುದು, ಏನು ಹೇಳಬಾರದು ಅಂತ ಹುಡುಗನನ್ನೇ ಕೇಳುತ್ತೇನೆ. ರಾತ್ರಿ ಹೊತ್ತು ಬೇಕಾದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ನಂಬರ್ 14416 ಕೊಡುತ್ತೇನೆ. ಫೋನನ್ನು ಮನೆಯವರು ನೋಡುತ್ತಾರೆ, ಬಾಯಿಪಾಠವೇ ಮಾಡಿಸಬೇಕು.