ನಿದ್ದೆ ಸರಿಯಿಲ್ಲ, ಮನಸ್ಸೂ ಸರಿಯಿಲ್ಲ: ಅನುಭವ ಇದ್ದವರು ಹೇಳಿ

ಮುಂಜಾವು:
ರಾತ್ರಿ 7 ಗಂಟೆ ಕಾಲ ಹಾಸಿಗೆಯಲ್ಲೇ ಇರುತ್ತೇನೆ. ಆದ್ರೂ ಬೆಳಿಗ್ಗೆ ಏಳುವಾಗ ಮೈಯೆಲ್ಲ ಭಾರ. 3 ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಕೆಲವು ತಿಂಗಳಿಂದ ಸಣ್ಣ ಮಾತಿಗೂ ಸಿಡುಕು, ಸುಮ್ಸುಮ್ನೆ ಅಳು. ಇದು ನಿದ್ದೆಯ ತೊಂದರೆಯಾ, ಮನಸ್ಸಿನದಾ? ಮೊದಲು ಯಾರಿಗೆ ತೋರಿಸಲಿ?

ನಡುರಾತ್ರಿ:
ಮೊದಲು ಸ್ಲೀಪ್ ಟೆಸ್ಟ್ ಮಾಡಿಸಿ, ಮಲಗಿದ್ದಾಗ ಉಸಿರು, ನಿದ್ದೆ ಅಳೆಯುವ ಪರೀಕ್ಷೆ. ಮಿಕ್ಕಿದ್ದೆಲ್ಲ ಆಮೇಲೆ. ನನಗೆ ಖಿನ್ನತೆ ಅಂತ ಮಾತ್ರೆ ಶುರು ಮಾಡಿದರು. ಡೋಸ್ ಏರಿಸಿದರು, ಮಾತ್ರೆ ಬದಲಿಸಿದರು, ತೂಕ ಜಾಸ್ತಿ ಆಯ್ತು. ಮನಸ್ಸು ಮಾತ್ರ ಇದ್ದಲ್ಲೇ ಇತ್ತು. ಗೊರಕೆ ಹೊಡೀತೀರಾ ಅಂತ ಒಬ್ಬರೂ ಕೇಳಲಿಲ್ಲ. ಕೊನೆಗೆ ಹೆಂಡತಿಯೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದಳು. ಜೋರು ಗೊರಕೆ, ಥಟ್ಟನೆ ಸದ್ದೇ ಇಲ್ಲ, ಆಮೇಲೆ ನೀರಿನಿಂದ ಮೇಲೆದ್ದವನ ಹಾಗೆ ಏದುಸಿರು. ಟೆಸ್ಟಿನಲ್ಲಿ ಗಂಟೆಗೆ 34 ಸಲ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಅಂತ ಬಂತು. 5ರ ಒಳಗಿದ್ದರೆ ಸರಿ, 30 ಆಗಿಬಿಟ್ಟರೆ ತೀವ್ರ.

ಮಾಸ್ಕಿನಿಂದ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ತಂದೆ. ಅದರ ಪಾಡು ಕೇಳಿ. ಮೊದಲ ಮಾಸ್ಕ್ ಮೂಗಿನ ಮೇಲೆ ಗಾಯ ಮಾಡಿತು. ಗಡ್ಡದ ಕಡೆಯಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಗಡ್ಡ ತೆಗೆಸಿದೆ. ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುತ್ತಿತ್ತು ಅಂತ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಹಾಕಿಸಿದರೆ ಪೈಪಿನೊಳಗೆ ನೀರು ಕಟ್ಟಿ ಮೂಗಿಗೇ ಬಂತು. ಒತ್ತಡ ಹೊಂದಿಸಿ, ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಮಾಸ್ಕಿಗೆ ಬದಲಿಸಿದ ಮೇಲೆ ತಡೆದುಕೊಳ್ಳುವಂತಾಯಿತು. ಆಗ ಗೊತ್ತಾಯಿತು, ಇಷ್ಟು ವರ್ಷ ನಾನು ಮಲಗಿದ್ದೇ ಇಲ್ಲ ಅಂತ. ಮಕ್ಕಳ ಮೇಲೆ ರೇಗುವುದು ನಿಂತಿತು. ಅಷ್ಟೇ ಸಾಕು ನನಗೆ.

ನೀಲಿಚಾದರ:
ಎಲ್ಲರದ್ದೂ ಗೊರಕೆ ಅಲ್ಲ ಸರ್. ನನ್ನ ಟೆಸ್ಟ್ ಪೂರ್ತಿ ಸರಿ ಬಂತು. ನನ್ನದು ಬರೀ ನಿದ್ರಾಹೀನತೆ. ವಾರಕ್ಕೆ 3 ರಾತ್ರಿ, 3 ತಿಂಗಳು ಹೀಗೇ ಇದ್ದರೆ ದೀರ್ಘಕಾಲದ್ದು ಅನ್ನುತ್ತಾರೆ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಸಿಬಿಟಿ-ಐ, ಅಂದರೆ ನಿದ್ದೆಯ ಅಭ್ಯಾಸ, ಯೋಚನೆ ತಿದ್ದುವ ಥೆರಪಿ. 2016ರಲ್ಲಿ ಅಮೆರಿಕದ ವೈದ್ಯರ ಸಂಘಟನೆ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಕೂಡ ಇದನ್ನೇ ಹೇಳಿತು. ಆದರೆ ಸುಲಭ ಅಂದುಕೊಳ್ಳಬೇಡಿ. ನಾನು ಹಾಸಿಗೆಯಲ್ಲಿ ಎಂಟೂವರೆ ಗಂಟೆ, ನಿದ್ದೆ ಐದೂವರೆ. ಸರಿ, ಐದೂವರೆ ಗಂಟೆ ಮಾತ್ರ ಹಾಸಿಗೆ ಅಂದರು. ರಾತ್ರಿ ಹನ್ನೆರಡೂವರೆಗೆ ಮಲಗಿ ಬೆಳಿಗ್ಗೆ 6ಕ್ಕೆ ಏಳಬೇಕು. ಭಾನುವಾರವೂ ಅಷ್ಟೇ. ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಎದ್ದು ಹೋಗಬೇಕು. ಮಧ್ಯರಾತ್ರಿ ಎದ್ದು ಬಟ್ಟೆ ಮಡಚುತ್ತಾ ಕೂರುತ್ತಿದ್ದೆ. ಶುರುವಿನ ವಾರಗಳಲ್ಲಿ ಮನಸ್ಸು ಇನ್ನೂ ಹದಗೆಟ್ಟಿತು. ಆಫೀಸಿನ ಮೀಟಿಂಗಿನಲ್ಲಿ ಅತ್ತುಬಿಟ್ಟೆ. ಗಾಡಿ ಓಡಿಸಬೇಡ ಅಂತ ಗಂಡ ಕೀ ಕಿತ್ತುಕೊಂಡರು. ಹಾಸಿಗೆಯಲ್ಲಿರುವ ಹೊತ್ತಿನಲ್ಲಿ ನೂರಕ್ಕೆ 85 ಭಾಗ ನಿದ್ದೆಯೇ ಆದಮೇಲೆ 15 ನಿಮಿಷ ಸೇರಿಸಿದರು. ಹಾಗೇ ನಿಧಾನವಾಗಿ ಬೆಳೆಸಿದರು.

ನಿದ್ದೆಯಾ ಮನಸ್ಸಾ ಅಂತ ಕೇಳಿದಿರಲ್ಲ, ಒಂದು ಹೇಳ್ತೀನಿ. 2017ರಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳ ಮೇಲೆ ದೊಡ್ಡ ಪ್ರಯೋಗ ಆಯಿತು. ನಿದ್ದೆಗೆ ಸಿಬಿಟಿ ಪಡೆದವರಲ್ಲಿ ನಿದ್ದೆ ಜೊತೆಗೆ ಅತಿಯಾದ ಅನುಮಾನ, ಖಿನ್ನತೆ, ಆತಂಕ ಕೂಡ ತಗ್ಗಿದವು. ಮಾತ್ರೆ ನುಂಗಿ ಬಿದ್ದುಕೊಳ್ಳುವುದನ್ನು ದಯವಿಟ್ಟು ನಿದ್ದೆ ಅನ್ನಬೇಡಿ.

ಹಳೇಗಡಿಯಾರ:
ಮೇಡಂ, ಕೊನೇ ಮಾತು ವಾಪಸ್ ತಗೊಳ್ಳಿ. ನನ್ನ ತಂದೆ ತೀರಿಕೊಂಡಾಗ ರಾತ್ರಿಗಳು ಹೇಗಿದ್ದವು ಅಂತ ನಿಮಗೆ ಗೊತ್ತಿಲ್ಲ. ಆ ಮಾತ್ರೆ ಇಲ್ಲದಿದ್ದರೆ ನಾನು ಇವತ್ತು ಬರೆಯುತ್ತಾ ಇರುತ್ತಿರಲಿಲ್ಲ. ತೊಂದರೆ ಆಗಿದ್ದು ಬಿಡುವಾಗ. ಅದು ಆತಂಕ ಇಳಿಸಿ ನಿದ್ದೆ ಬರಿಸುವ ಬೆಂಜೋಡಯಾಜಿಪೈನ್ ಗುಂಪಿನದು. ವಾರಗಳಿಗೆ ಅಂತ ಬರೆದದ್ದು ವರ್ಷಗಟ್ಟಲೆ ನಡೆಯಿತು, ಯಾವ ಡಾಕ್ಟರೂ ನಿಲ್ಲಿಸು ಅನ್ನಲಿಲ್ಲ. ಒಂದೇ ಸಲ ಬಿಟ್ಟರೆ ಫಿಟ್ಸ್ ಬರಬಹುದು. ನಡುಕ, ಬೆವರು, ಮೊದಲಿಗಿಂತ ಕೆಟ್ಟ ನಿದ್ದೆ ಎಲ್ಲ ಬರುತ್ತವೆ. ಅದಕ್ಕೇ ಚೂರುಚೂರು ಕಡಿಮೆ ಮಾಡಿಸಿದರು. ಆ ಪುಟ್ಟ ಮಾತ್ರೆಯನ್ನು ಕಾಲು ಭಾಗ ಮಾಡೋದೇ ಒಂದು ಕೆಲಸ. ಬ್ಲೇಡ್ ಇಟ್ಟರೆ ಅರ್ಧ ಪುಡಿಯಾಗುತ್ತಿತ್ತು. ಇವತ್ತು ಜಾಸ್ತಿ ಹೋಯ್ತಾ, ಕಮ್ಮಿ ಹೋಯ್ತಾ ಅನ್ನೋ ಚಿಂತೆಗೇ ನಿದ್ದೆ ಹಾರಿಹೋಗುತ್ತಿತ್ತು. ಕೊನೆಯ ಕಾಲು ಭಾಗ ಬಿಡಲು ಉಳಿದದ್ದಕ್ಕಿಂತ ಹೆಚ್ಚು ಸಮಯ ಬೇಕಾಯಿತು. ಈಗ ಮಾತ್ರೆ ಇಲ್ಲ. ಅದಕ್ಕೆ ನನಗೆ ಹೆಮ್ಮೆ ಇದೆ. ತಗೊಂಡಿದ್ದಕ್ಕೆ ನಾಚಿಕೆಯಿಲ್ಲ.

ಎರಡುದಡ:
ನೀಲಿಚಾದರ ಅವರೇ, ನಿದ್ದೆ ಕಡಿತ ಮಾಡಿ ಅಂತ ಇಷ್ಟು ಸಲೀಸಾಗಿ ಬರೆಯಬೇಡಿ. ನನಗೆ ಬೈಪೋಲಾರ್ ಇದೆ, ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ಹೊಯ್ದಾಡುವ ಕಾಯಿಲೆ. ನಮ್ಮಂಥವರಿಗೆ ನಿದ್ದೆ ಕಮ್ಮಿಯಾದರೆ ಉನ್ಮಾದ ಕೆರಳಬಹುದು. 4 ಗಂಟೆ ಮಲಗಿ ಎದ್ದರೂ ಎಷ್ಟು ಲವಲವಿಕೆ ಅಂದ್ರೆ, ತೊಂದರೆ ಅಂತ ಅನಿಸುವುದೇ ಇಲ್ಲ. ರಾತ್ರಿ 2ಕ್ಕೆ ಅಟ್ಟ ತೊಳೆದೆ. ಗೊತ್ತಿದ್ದವರಿಗೆಲ್ಲ ಹೊಸ ಬಿಸಿನೆಸ್ ಬಗ್ಗೆ ಮೆಸೇಜು ಕಳಿಸಿದೆ. ಇಟ್ಟಿದ್ದ ಹಣ ಹೋಯಿತು, ಕೆಲಸ ಹೋಯಿತು. ಅಕ್ಕ ಗಮನಿಸಿ ಸೈಕಿಯಾಟ್ರಿಸ್ಟ್ ಹತ್ತಿರ ಎಳೆದುಕೊಂಡು ಹೋದಳು.

ನೀಲಿಚಾದರ:
ಸಲೀಸಾಗಿ ಎಲ್ಲಿ ಬರೆದೆ? ನನ್ನ ಥೆರಪಿಸ್ಟ್ ಮೊದಲ ದಿನವೇ ಬೈಪೋಲಾರ್, ಫಿಟ್ಸ್ ಇದೆಯಾ ಅಂತ ಕೇಳಿಕೊಂಡರು. 5 ಗಂಟೆಗಿಂತ ಕೆಳಗೆ ಇಳಿಸಲೇ ಇಲ್ಲ.

ಎರಡುದಡ:
ನೀವು ಬರೆದದ್ದರಲ್ಲಿ ಅದು ಇರಲಿಲ್ಲ. ಓದಿದವರು ಇವತ್ತು ರಾತ್ರಿಯೇ ಶುರು ಮಾಡಿಬಿಡುತ್ತಾರೆ. ಮುಂಜಾವು ಅವರೇ, ಬದುಕೇ ಬೇಡ ಅನ್ನೋ ಯೋಚನೆ ಒಂದು ಸಲ ಬಂದಿದ್ದರೂ ಟೆಸ್ಟ್, ನಿದ್ದೆಯ ಡೈರಿ ಅಂತ ಕಾಯಬೇಡಿ. ನೇರ ಮನೋವೈದ್ಯರ ಹತ್ತಿರ ಹೋಗಿ.

ತಾರಸಿ:
ನನ್ನ ವಾಚು ಆಳವಾದ ನಿದ್ದೆ 40 ನಿಮಿಷ ಅಂತ ತೋರಿಸುತ್ತಿದೆ. ಅದನ್ನು ನೋಡಿದ ದಿನವೆಲ್ಲ ಮೂಡ್ ಹಾಳು. ನಾನೂ ಟೆಸ್ಟ್ ಮಾಡಿಸಬೇಕಾ?

ನಡುರಾತ್ರಿ:
ವಾಚು ಮೊದಲು ಬಿಚ್ಚಿಡಿ. ಅದು ಕೈಯ ಅಲುಗಾಟ, ನಾಡಿ ನೋಡಿ ಅಂದಾಜು ಮಾಡುತ್ತದೆ. ನಿದ್ದೆಯ ಹಂತ ತಿಳಿಯಲು ತಲೆಗೆ ವೈರು ಹಚ್ಚಿ ಮೆದುಳಿನ ಅಲೆ ಅಳೆಯಬೇಕು.

ರಾತ್ರಿಪಾಳಿ:
ನಡುರಾತ್ರಿ ಸರ್, ನಿಮ್ಮ ಯಂತ್ರದ ಗುಣಗಾನ ಓದಿ ಓದಿ ಸಾಕಾಯಿತು. ನಾನೂ ಅದನ್ನು ತಂದಿದ್ದೆ. ಮಾಸ್ಕ್ ಮುಖದ ಮೇಲೆ ಬಂದರೆ ಉಸಿರು ಕಟ್ಟಿದಂತಾಗಿ ಎದೆ ಡವಡವ ಅನ್ನುತ್ತಿತ್ತು. ಆತಂಕ ಕಮ್ಮಿ ಮಾಡಲು ಹೋಗಿ ಹೊಸ ಆತಂಕ ಅಂಟಿತು. ಈಗ ದಂತವೈದ್ಯರು ಮಾಡಿಕೊಟ್ಟ, ಕೆಳದವಡೆ ಮುಂದಕ್ಕೆ ಹಿಡಿಯುವ ಸಾಧನ ಹಾಕಿಕೊಳ್ಳುತ್ತೇನೆ. ಬೆಳಿಗ್ಗೆ ದವಡೆ ನೋವು, ಹಲ್ಲು ಕೂರುವ ರೀತಿಯೂ ಬದಲಾಗಿದೆ. ಆದ್ರೂ ನಿದ್ದೆ ಬರುತ್ತದೆ.

ನಡುರಾತ್ರಿ:
ಅದು ಹೆಚ್ಚಾಗಿ ಸೌಮ್ಯ, ಮಧ್ಯಮ ಮಟ್ಟದ ತೊಂದರೆ ಇರುವವರಿಗೆ. ನಿಮ್ಮ ಸಂಖ್ಯೆ ಎಷ್ಟಿತ್ತು?

ರಾತ್ರಿಪಾಳಿ:
19. ನಿಮ್ಮ 34ಕ್ಕೆ ಹೋಲಿಸಿ ನನ್ನ ಕಷ್ಟ ಸಣ್ಣದು ಅಂತ ಹೇಳಬೇಡಿ. ಕೆಲಸ ಬಿಡುವ ಮಟ್ಟಕ್ಕೆ ಬಂದಿದ್ದೆ.

ನಡುರಾತ್ರಿ:
ಸಣ್ಣದು ಅನ್ನಲಿಲ್ಲ ರೀ. ದವಡೆ ಸಾಧನ ಹಾಕಿದ ಮೇಲೆ ಮತ್ತೆ ಟೆಸ್ಟ್ ಮಾಡಿಸಿದ್ರಾ? ಗೊರಕೆ ನಿಂತರೂ ಉಸಿರು ನಿಲ್ಲುತ್ತಲೇ ಇರಬಹುದು. ಅದನ್ನು ಮಾತ್ರ ಹೇಳಿ.